ಹೂಂಗುಟ್ಟುವ ತಗಡು

ನನ್ನ ಗಂಡ ತಗಡಿನ ಕೆಲಸದವರು. ಬಕೆಟ್ಟು, ಆಲಿಕೆ, ಸೂರಿನ ನೀರು ಹರಿಯುವ ದೋಣಿ, ಹೊಗೆ ಕೊಳವೆ, ಕೊಳವೆಯ ಮೇಲಿನ ಟೋಪಿ, ಇವೇ ಅವರು ಮಾಡುತ್ತಿದ್ದದ್ದು. ಸಮುದ್ರದ ಪಕ್ಕದ ರಸ್ತೆಯಲ್ಲಿ ಯಾವ ಮನೆಯ ಸೂರು ನೋಡಿದರೂ ಅವರ ಕೈ ಕಾಣುತ್ತದೆ.

"ಊರಿಗೆಲ್ಲ ಟೋಪಿ ಹಾಕಿದವನು ನಾನು. ಒಬ್ಬನೂ ಪೊಲೀಸರ ಹತ್ತಿರ ಹೋಗಿಲ್ಲ ನೋಡು" ಎನ್ನುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಈ ಮಾತು ಕೇಳಿದ್ದೆ. ಸಾಯುವ ಮುಂಚೆಯೂ ಕೇಳಿದೆ. ನಾನು ಯಾವತ್ತೂ ನಗಲಿಲ್ಲ. ಅವರೇ ಹೇಳಿ ಅವರೇ ನಗುತ್ತಿದ್ದರು.

ಅವರ ಎಡಗಿವಿ ಸತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಮೀಸೆ ಚಿಗುರುವ ಮುಂಚೆಯೇ ದೊಡ್ಡ ನೀರಿನ ತೊಟ್ಟಿಗಳನ್ನು ಮಾಡುವ ಕಾರ್ಖಾನೆ ಸೇರಿದ್ದರು. ಹೊರಗಿನಿಂದ ಒಬ್ಬ ಸುತ್ತಿಗೆಯಲ್ಲಿ ಹೊಡೆಯುವಾಗ ಒಳಗಿನಿಂದ ಇನ್ನೊಬ್ಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ತೊಟ್ಟಿಯ ಬಾಯಿ ಸಣ್ಣದು, ಸಣಕಲು ಮೈಯವರೇ ಬೇಕು. ಇವರನ್ನು ಇಳಿಸಿದರು. ಒಳಗೆ ಕತ್ತಲು. ಒಂದೊಂದು ಏಟಿಗೂ ಗಂಟೆಯೊಳಗೆ ತಲೆ ಇಟ್ಟ ಹಾಗೆ ಆಗುತ್ತಿತ್ತಂತೆ. ಎಡ ಭುಜ ಕೊಟ್ಟು ಹಿಡಿಯುತ್ತಿದ್ದದ್ದರಿಂದ ಎಡಗಿವಿ ಹೋಯಿತು.

"ಹೋದದ್ದು ಹೇಗೆ ಗೊತ್ತಾಯ್ತು?" ಎಂದು ಒಮ್ಮೆ ಕೇಳಿದೆ.

"ಮಲಗಿದ್ದೆ. ಅಮ್ಮ ಬೈತಿದ್ದಳು. ಮಗ್ಗುಲು ಬದಲಾಯಿಸಿದೆ. ಬೈಗುಳ ನಿಂತುಹೋಯ್ತು."

ಒಂದೇ ಕಿವಿಯವರಿಗೆ ಸದ್ದು ಕೇಳುತ್ತದೆ, ಎಲ್ಲಿಂದ ಬಂತು ಎಂದು ಮಾತ್ರ ತಿಳಿಯುವುದಿಲ್ಲ. ಇದು ನನಗೆ ಮದುವೆಯಾದ ಮೇಲೆ ಗೊತ್ತಾಯಿತು. ರಸ್ತೆಯಲ್ಲಿ ಯಾರಾದರೂ ಕೂಗಿದರೆ ಇವರು ಎದುರು ಮನೆಯ ಗೋಡೆಗೆ ನಮಸ್ಕಾರ ಮಾಡುವರು. ಅಡುಗೆ ಮನೆಯಿಂದ ಕರೆದರೆ ಬಾಗಿಲು ತೆಗೆದು ಬೀದಿಗೆ ಹೋಗಿ ನಿಲ್ಲುವರು. ಹೊಸತರಲ್ಲಿ ನನಗೆ ಇವರ ತಲೆ ಸರಿಯಿಲ್ಲವೇನೋ ಎನ್ನಿಸಿತ್ತು. ಇವರ ತಂಗಿ, ನನ್ನ ನಾದಿನಿ, ನಮ್ಮ ಜೊತೆಯಲ್ಲೇ ಇರುವವಳು, ಬಿದ್ದು ಬಿದ್ದು ನಕ್ಕು ವಿಷಯ ಹೇಳಿದಳು.

"ಅತ್ತಿಗೆ, ಅಣ್ಣನ್ನ ಕರೀಬೇಡಿ. ಹೋಗಿ ಮುಟ್ಟಿ."

ಸಮುದ್ರಕ್ಕೆ ಅವರು ಹೋಗುತ್ತಿದ್ದದ್ದು ಚಳಿಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ದಂಡೆಯ ಲಾಡ್ಜುಗಳು ತುಂಬಿರುತ್ತವೆ, ಸದ್ದೋ ಸದ್ದು. ಅಷ್ಟು ಸದ್ದಿನಲ್ಲಿ ಅವರಿಗೆ ತಲೆ ತಿರುಗುತ್ತಿತ್ತು. ಚಳಿ ಬಿದ್ದ ಮೇಲೆ ಲಾಡ್ಜುಗಳ ಬಾಗಿಲು ಮುಚ್ಚುತ್ತವೆ. ಕುರ್ಚಿಗಳನ್ನು ಮಗುಚಿ ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟುತ್ತಾರೆ. ರಸ್ತೆ ಖಾಲಿ. ಆಗ ನೀರಿನ ಕಡೆಯಿಂದ ಗಾಳಿ ಶುರುವಾಗುತ್ತದೆ. ಸಂಜೆಗೆ ಮುಂಚೆ ಅಂಗಡಿ ಮುಚ್ಚಿ ಉಣ್ಣೆಯ ಕುಲಾವಿ ಹಾಕಿಕೊಳ್ಳುವರು. ಅದನ್ನು ಎಡಗಿವಿಯ ಮೇಲಷ್ಟೇ ಎಳೆದು, ಬಲಗಿವಿಯನ್ನು ಬಿಟ್ಟಿರುವರು.

"ಕೇಳದ ಕಿವಿಗೆ ಕುಲಾವಿ ಯಾಕೆ?" ಎಂದರೆ, "ಚಳಿ ಅದಕ್ಕೂ ಕೇಳುತ್ತೆ" ಎನ್ನುವರು.

ಅದು ಸುಮ್ಮನೆ ತಿರುಗಾಟವಲ್ಲ. ತಾವು ಮಾಡಿದ ಕೆಲಸ ನೋಡುವುದಕ್ಕೆ ಹೋಗುತ್ತಿದ್ದರು. ನೋಡುವುದಕ್ಕೆ ಎನ್ನುವುದೂ ತಪ್ಪು. ಕೇಳುವುದಕ್ಕೆ. ಒಳ್ಳೆಯ ತಗಡಿನ ಕೆಲಸ ಗಾಳಿಯಲ್ಲಿ ಉಸಿರೆತ್ತಬಾರದು ಎಂಬುದು ಅವರ ಕಟ್ಟುಪಾಡು. ತಗಡಿನ ಅಂಚಿನ ಮಡಿಕೆ ಸರಿಯಾಗಿ ಕೂತಿರದಿದ್ದರೆ, ಒಂದು ಮೊಳೆ ಸಡಿಲವಾಗಿದ್ದರೆ, ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಚಳಿಗಾಲದ ಗಾಳಿಗೆ ಅದು ಬಾಯಿ ಬಿಡುತ್ತದೆ. ಇವರಿಗೆ ಆ ಬಾಯಿ ಕೇಳುತ್ತಿತ್ತು, ಯಾವ ಮನೆಯದು ಎಂದು ತಿಳಿಯುತ್ತಿರಲಿಲ್ಲ. ನಾನು ಜೊತೆಗೆ ಹೋಗುತ್ತಿದ್ದದ್ದು ಅದಕ್ಕೆ. ಇವರು ನಿಂತು, "ಇವಳೇ, ಒಂದು ಅಳ್ತಾ ಇದೆ" ಎನ್ನುವರು. ನಾನು ಕೈ ತೋರಿಸುವೆ. "ಆ ಹಸಿರು ಕಿಟಕಿಯ ಮನೆ, ಹಿಂದಿನ ದೋಣಿ." ಮಾರನೆಯ ದಿನ ಏಣಿ ಹೊತ್ತು ಹೋಗಿ ಅದರ ಬಾಯಿ ಮುಚ್ಚಿಸಿ ಬರುವರು. ಅದಕ್ಕೆ ದುಡ್ಡು ಕೇಳುತ್ತಿರಲಿಲ್ಲ. ನಾದಿನಿ ಅದಕ್ಕೂ ಬೈಯುವಳು.

ಹೋಗುವಾಗ ಸಮುದ್ರ ನಮ್ಮ ಎಡಕ್ಕೆ. ನಾನು ಅವರ ಬಲಕ್ಕೆ, ಒಳ್ಳೆಯ ಕಿವಿಯ ಕಡೆಗೆ. ಹಾಗಾಗಿ ನನಗೆ ಗಾಳಿ ಹೊಡೆಯುತ್ತಿರಲಿಲ್ಲ, ಅವರ ಮೈಗೇ ಹೊಡೆಯುತ್ತಿತ್ತು. ಬರುವಾಗ ನೀರಿನ ಕಡೆಗೆ ನಾನು. ಅವರ ಮೇಲೆ ಸಿಟ್ಟಿದ್ದ ದಿನ ಹೋಗುವಾಗಲೇ ಎಡಕ್ಕೆ ಹೋಗಿ, ಗಾಳಿ ಹೊಡೆದರೆ ಹೊಡೆಯಲಿ ಎಂದು, ಆ ಸತ್ತ ಕಿವಿಗೆ ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದೆ. ಒಂದು ಅಕ್ಷರವೂ ಅವರಿಗೆ ತಲುಪುತ್ತಿರಲಿಲ್ಲ. ಆದರೂ ಹೂಂಗುಟ್ಟುವರು.

ಹೂಂಗುಟ್ಟುವುದು ಅವರ ಅಭ್ಯಾಸ. ಕೇಳಿಸಿದರೂ ಹೂಂ, ಕೇಳಿಸದಿದ್ದರೂ ಹೂಂ. ಗಂಟಲಿನ ತಳದಿಂದ, ಬಾಯಿ ತೆಗೆಯದೆ, ಉದ್ದಕ್ಕೆ. ನನ್ನ ಮಾತಿನ ಮಧ್ಯೆ ಎಲ್ಲಿ ಹೂಂ ಹಾಕಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಹುಶಃ ನನ್ನ ಗಲ್ಲ ನೋಡಿ ಹಾಕುತ್ತಿದ್ದರು. ಒಮ್ಮೆ ಪರೀಕ್ಷೆ ಮಾಡಿದೆ. ಎಡಗಡೆಯಿಂದ, "ನಾಳೆ ನಿಮ್ಮನ್ನ ಬಿಟ್ಟು ಹೋಗ್ತೀನಿ" ಎಂದೆ.

"ಹೂಂ."

"ನಿಮ್ಮ ತಂಗೀನ ನಿಮ್ಮ ತಲೆಗೆ ಕಟ್ಟಿ ಹೋಗ್ತೀನಿ."

"ಹೂಂ" ಎಂದವರು ಸ್ವಲ್ಪ ಹೊತ್ತು ಬಿಟ್ಟು, "ಇವತ್ತು ನೀರು ಸೀಸದ ಬಣ್ಣಕ್ಕಿದೆ, ಅಲ್ಲ?" ಎಂದರು.

ಆ ತಿರುಗಾಟ ನನಗೆ ಇಷ್ಟವಾಗಿತ್ತು. ಇಷ್ಟ ಎಂದು ಅವರಿಗೆ ಹೇಳಿದ ನೆನಪಿಲ್ಲ. ಗೋಡೆಯ ಪಕ್ಕ ನಡೆಯುವಾಗ ಚಪ್ಪಲಿಯ ಕೆಳಗೆ ಮರಳು ಕರಕರ ಎನ್ನುವುದು, ತುಟಿ ನೆಕ್ಕಿದರೆ ಉಪ್ಪು, ಮನೆಗೆ ಬಂದಾಗ ಬೆರಳು ಮರಗಟ್ಟಿ ಲೋಟ ಹಿಡಿಯಲಾರದೆ ಎರಡು ಕೈಯಲ್ಲಿ ಚಹಾ ಕುಡಿಯುವುದು. ಯಾವ ಬೇಸಿಗೆಯೂ ನನಗೆ ಅಷ್ಟು ಸುಖ ಕೊಡಲಿಲ್ಲ.

ಮಳೆ ಮುಗಿದ ಮೇಲೆ, ರಸ್ತೆಯ ತುದಿಯ ದೊಡ್ಡ ಲಾಡ್ಜಿನ ಅಡುಗೆಮನೆಗೆ ಹೊಸ ಹೊಗೆ ಟೋಪಿ ಕೂರಿಸಿದರು. ಅದೇ ಅವರ ಕೊನೆಯ ಕೆಲಸ. ಅಂದು ಮನೆಗೆ ಬಂದು ಕೂತು ಎಡಗೈಯನ್ನು ಬಲಗೈಯಲ್ಲಿ ಉಜ್ಜುತ್ತಿದ್ದರು. ಏನು ಎಂದೆ. "ಏನಿಲ್ಲ, ಜೋಮು" ಎಂದರು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅಂಗಡಿಯಲ್ಲಿ, ಕೆಲಸದ ಮೇಜಿಗೆ ತಲೆ ಇಟ್ಟವರು ಎತ್ತಲಿಲ್ಲ. ನೋಡಿದ್ದು ಮೊಳೆ. ಮೊಳೆ ಎಂದರೆ ಅವರ ಜೊತೆಗಾರ, ಅದೇ ಅಂಗಡಿಯ ಇನ್ನೊಂದು ಮೇಜಿನವನು. ಕೆಲಸ ಮಾಡುವಾಗ ಹಿಡಿ ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು ಒಂದೊಂದೇ ಉಗುಳುತ್ತಾನೆ, ಅದಕ್ಕೆ ಆ ಹೆಸರು. ಬಾಯಲ್ಲಿ ಮೊಳೆ ಇಟ್ಟುಕೊಂಡೇ ಮಾತಾಡುತ್ತಾನೆ. ಅರ್ಧ ಯಾರಿಗೂ ತಿಳಿಯುವುದಿಲ್ಲ. ಅಂದು ನನ್ನ ಬಾಗಿಲಿಗೆ ಬಂದು ನಿಂತಾಗ ಅವನ ಬಾಯಿ ಖಾಲಿಯಿತ್ತು. ಅದನ್ನು ನೋಡಿಯೇ ನನಗೆ ತಿಳಿಯಿತು.

ಚಳಿ ಬಂತು. ನಾನು ಹೊರಗೆ ಹೋಗಲಿಲ್ಲ. ಕುಲಾವಿ ಬಾಗಿಲ ಹಿಂದಿನ ಗೂಟದಲ್ಲಿಯೇ ಇತ್ತು. ಮಾತಾಡುತ್ತಾ ಮಾತಾಡುತ್ತಾ ನಡುವೆ ನಿಲ್ಲಿಸುತ್ತಿದ್ದೆ. ಆ ಜಾಗದಲ್ಲಿ ಹೂಂ ಬರಬೇಕು. ಬರುತ್ತಿರಲಿಲ್ಲ. ಮೆಟ್ಟಿಲು ಇದೆ ಎಂದು ಕಾಲಿಟ್ಟು ಇಲ್ಲದಿದ್ದರೆ ಹೇಗೋ ಹಾಗೆ. ನಾದಿನಿ ಎರಡು ಸಲ ನೋಡಿ, ಮೂರನೆಯ ಸಲ ತಾನೇ "ಹೂಂ" ಎಂದಳು.

"ನೀನು ಹೂಂ ಅನ್ನಬೇಡ" ಎಂದೆ.

"ಯಾಕೆ, ಹೂಂ ಅನ್ನೋಕೂ ಲೈಸೆನ್ಸ್ ಬೇಕಾ?"

"ಅನ್ನಬೇಡ ಅಂದೆನಲ್ಲ."

ಅವಳು ಲಾಡ್ಜುಗಳ ಚಾದರಕ್ಕೆ ಅಂಚು ಹೊಲಿಯುತ್ತಾಳೆ. ಮಶೀನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. ನಾನು ಇನ್ನೊಂದು ಕೋಣೆಗೆ ಹೋದೆ. ಅವಳೂ ಅಣ್ಣನನ್ನು ಕಳೆದುಕೊಂಡಿದ್ದಳು. ಅದು ನನಗೆ ಆಗ ಹೊಳೆಯಲಿಲ್ಲ.

ಗಾಳಿ ಜೋರಾದ ಒಂದು ದಿನ ಅವಳೇ ಕುಲಾವಿ ತಂದು ನನ್ನ ತಲೆಗೆ ಸಿಕ್ಕಿಸಿದಳು. "ನಡೀರಿ ಅತ್ತಿಗೆ. ಗೋಡೆ ನೋಡ್ಕೊಂಡು ಕೂತ್ರೆ ಗೋಡೆ ಏನ್ ಕರಗುತ್ತಾ? ಸಮುದ್ರನಾದ್ರೂ ನೋಡಿ ಬನ್ನಿ. ನಾನ್ ಬರಲ್ಲ, ನಂಗೆ ಚಳಿ."

ಹೋದೆ. ನೀರಿಗೂ ನನಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು ಹೋದೆ. ಬೇಕೆಂದು ಬಿಟ್ಟದ್ದಲ್ಲ, ಕಾಲು ಬಿಟ್ಟಿತು. ಗಾಳಿ ನನಗೇ ಹೊಡೆಯಿತು. ತಡೆಯುವವರು ಇರಲಿಲ್ಲ. ಮುಚ್ಚಿದ ಲಾಡ್ಜುಗಳ ಕಿಟಕಿಗಳಲ್ಲಿ ನಾನು ಒಬ್ಬಳೇ ಹಾದುಹೋಗುವುದು ಕಾಣುತ್ತಿತ್ತು. ಕೆಲವು ಗಾಜಿನಲ್ಲಿ ನನ್ನ ಪಕ್ಕ ಕಪ್ಪಗೆ ಇನ್ನೊಂದು ಇದ್ದ ಹಾಗಿತ್ತು. ನಿಂತು ನೋಡಿದರೆ ಕಂಬ. ಒಂದೂ ತಗಡು ಸದ್ದು ಮಾಡುತ್ತಿರಲಿಲ್ಲ. ಎಲ್ಲ ಅವರ ಕೈಯವು.

ತುದಿಯ ಲಾಡ್ಜಿನ ಕೆಳಗೆ ಬಂದೆ. ಬಾಯಿಬಿಟ್ಟು ಹೇಳಿದೆ, "ಇವತ್ತು ಚಳಿ ಜಾಸ್ತಿ."

"ಹೂಂ."

ಗಂಟಲಿನ ತಳದಿಂದ, ಉದ್ದಕ್ಕೆ. ಗೋಡೆ ಹಿಡಿದು ನಿಂತೆ. ಗಾಳಿ ಒಂದು ಗಳಿಗೆ ಬಿಟ್ಟು ಮತ್ತೆ ಬೀಸಿತು. ಮತ್ತೆ ಹೂಂ. ನನ್ನ ಕೈ ತಾನಾಗಿ ಎದ್ದು ಮೇಲಕ್ಕೆ ತೋರಿಸಿತು, ಯಾರಿಗೋ ತೋರಿಸುವ ಹಾಗೆ. ತಾರಸಿಯ ಮೇಲಿನ ಹೊಗೆ ಟೋಪಿ.

ತಗಡು ಎಂದು ನನಗೆ ಗೊತ್ತಿತ್ತು. ಆ ದಿನವೂ ಗೊತ್ತಿತ್ತು. ಗೊತ್ತಿದ್ದೂ ನಿಂತೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ನಾದಿನಿ ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

ಆಮೇಲೆ ದಿನವೂ ಹೋದೆ. ಗಾಳಿ ಇಲ್ಲದ ದಿನ ಬರಿಗೈಯಲ್ಲಿ ಬರುತ್ತಿದ್ದೆ. ಗಾಳಿ ಇದ್ದ ದಿನ ಅಲ್ಲಿ ನಿಂತು ಮನೆಯ ವಿಷಯವೆಲ್ಲ ಹೇಳುತ್ತಿದ್ದೆ. ಹಿತ್ತಲ ನಲ್ಲಿ ಸೋರುವುದು. ಮೊಳೆ ಇವರ ಕತ್ತರಿ ಬಳಸದೆ ಎಣ್ಣೆ ಹಚ್ಚಿ ಇಟ್ಟಿರುವುದು. ಅದು ಹೂಂಗುಟ್ಟುತ್ತಿತ್ತು. ಕೆಲವು ಸಲ ನನ್ನ ಮಾತು ಮುಗಿಯುವ ಮುಂಚೆಯೇ. ಅವರೂ ಹಾಗೆಯೇ ಮಾಡುತ್ತಿದ್ದರು. ಒಳ್ಳೆಯದಾಯಿತು ಎನ್ನಿಸುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಯಾಕೆಂದರೆ ಬೆನ್ನು ತಿರುಗಿಸಿ ಹೊರಟ ಮೇಲೂ ಅದು ನಿಲ್ಲಿಸುತ್ತಿರಲಿಲ್ಲ. ನಾನು ಹೇಳದ ಮಾತಿಗೂ ಹೂಂ ಎನ್ನುತ್ತಿತ್ತು.

ಆ ಲಾಡ್ಜಿಗೆ ಒಬ್ಬ ಕಾವಲುಗಾರ. ಚಳಿಗಾಲ ಪೂರ್ತಿ ಅಷ್ಟು ದೊಡ್ಡ ಕಟ್ಟಡದಲ್ಲಿ ಅವನೊಬ್ಬನೇ, ಕೆಳಗಿನ ಕೋಣೆಯಲ್ಲಿ ಇರುತ್ತಾನೆ. ಒಂದು ಸಂಜೆ ಕಂಬಳಿ ಹೊದ್ದು ಬಾಗಿಲಿಗೆ ಬಂದ. ಕಣ್ಣು ಕೆಂಪಗಿತ್ತು.

"ಅಕ್ಕಾ, ದಿನಾ ಬರ್ತೀರಿ, ನಿಂತು ಮಾತಾಡ್ತೀರಿ. ಕೇಳಬಾರದು. ಆದ್ರೂ ಒಂದ್ ಮಾತು. ಅದು ನಿಮ್ಮ ಯಜಮಾನ್ರು ಹಾಕಿದ ಟೋಪಿ ಅಲ್ವಾ?"

"ಹೌದು."

"ಕೊಳವೆ ನೇರ ನನ್ನ ಕೋಣೆ ಗೋಡೇಲಿ ಇಳಿಯುತ್ತೆ. ರಾತ್ರಿಯೆಲ್ಲ ಗೋಡೆ ಒಳಗೆ ಯಾರೋ ಹೂಂ ಹೂಂ ಅಂತಾರೆ. ನಾನ್ ಏನೂ ಹೇಳಿಲ್ಲ, ಹೂಂ ಅಂತಾರೆ. ನಿದ್ದೆ ಅನ್ನೋದು ಮರೆತೇ ಹೋಗಿದೆ. ಹಿಟ್ಟಿನ ಗಿರಣಿಯವರೂ ಹೇಳ್ತಿದ್ರು, ತಗಡಿನವನು ಸತ್ತ, ಅವನ ತಗಡು ಅಳ್ತಾ ಇದೆ ಅಂತ."

"ಅವರ ತಗಡು ಅಳಲ್ಲ."

"ಮತ್ತೆ ಇದೇನು?"

ನಾನು ಮೇಲಕ್ಕೆ ಟೋಪಿಯ ಕಡೆ ನೋಡಿದೆ.

"ಲಾಡ್ಜಿನ ಯಜಮಾನ್ರಿಗೆ ಫೋನ್ ಮಾಡಿದೀನಿ" ಎಂದ. "ಬರೋ ವಾರ ಬರ್ತಾರೆ. ಆ ಟೋಪಿ ಕಿತ್ತು ಗುಜರಿಗೆ ಹಾಕು, ಅಂಗಡಿಯಿಂದ ರೆಡಿಮೇಡ್ ತರಿಸ್ತೀನಿ ಅಂದ್ರು. ನಿಮಗೆ ಮೊದಲೇ ಹೇಳೋಣ ಅಂತ."

ಮನೆಗೆ ಬಂದು ನಾದಿನಿಗೆ ಹೇಳಿದೆ. ಹೂಂಗುಟ್ಟುವ ವಿಷಯವನ್ನೂ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

"ಅಣ್ಣನ ದನೀನಾ?"

"ಅದೇ."

"ಅತ್ತಿಗೆ, ಅಣ್ಣ ಇದ್ದಿದ್ರೆ ಮೊದಲ ದಿನಾನೇ ಏಣಿ ಹಾಕಿ ಅದರ ಬಾಯಿ ಮುಚ್ಚಿಸ್ತಿದ್ದ. ಊರೆಲ್ಲ ಅವನ ತಗಡು ಅಳುತ್ತೆ ಅಂದ್ರೆ ಅವನಿಗೆ ಹೇಗಿರುತ್ತೆ?"

"ಅವರಿಗೆ ಈಗ ಹೇಗೂ ಇರಲ್ಲ."

"ಹಂಗಂದ್ರೆ ಹೇಗೆ. ಹೆಸರು ಅಂತ ಒಂದಿಲ್ವಾ?"

"ನಾನು ಹೆಸರಿನ ಜೊತೆ ಸಂಸಾರ ಮಾಡಿದ್ದಾ?"

ಅವಳು ಎದ್ದು ಮಶೀನಿನ ಮುಂದೆ ಕೂತಳು. ಆದರೆ ಅವಳ ಮಾತು ನನ್ನನ್ನು ಬಿಡಲಿಲ್ಲ. ಬಾಯಿ ಮುಚ್ಚಿಸಿದರೆ ಹೂಂ ಹೋಗುತ್ತದೆ. ಮುಚ್ಚಿಸದಿದ್ದರೆ ಟೋಪಿಯೇ ಗುಜರಿಗೆ ಹೋಗುತ್ತದೆ, ಅದರ ಜೊತೆ ಅವರ ಹೆಸರೂ. ಇವೆರಡರಲ್ಲಿ ಸುಖವಾದದ್ದು ಯಾವುದೂ ಇರಲಿಲ್ಲ.

ಬೆಳಿಗ್ಗೆ ಮೊಳೆಯನ್ನು ಕರೆದುಕೊಂಡು ಹೋದೆ. ಕಾವಲುಗಾರ ಬೀಗ ತೆಗೆದ. ಖಾಲಿ ಕೋಣೆಗಳು. ಬರಿಯ ಮಂಚಗಳ ಮೇಲೆ ಸುತ್ತಿಟ್ಟ ಹಾಸಿಗೆಗಳು, ಮಲಗಿದವರ ಹಾಗೆ. ಮೂರು ಮಹಡಿ ಹತ್ತುವಷ್ಟರಲ್ಲಿ ನನಗೆ ಏದುಸಿರು. ತಾರಸಿಯಿಂದ ಸಮುದ್ರ ಬೇರೆಯೇ ಕಾಣುತ್ತಿತ್ತು, ಅಗಲವಾಗಿ, ತಣ್ಣಗೆ. ಗಾಳಿ ಆಗ ಬಿದ್ದಿತ್ತು. ಕೊಳವೆ ನನ್ನ ಸೊಂಟದಷ್ಟು ಎತ್ತರ, ಅದರ ಮೇಲೆ ಟೋಪಿ. ಅವರ ಕೆಲಸವನ್ನು ಅಷ್ಟು ಹತ್ತಿರದಿಂದ ಅದರ ಜಾಗದಲ್ಲಿ ನಾನು ನೋಡಿದ್ದು ಅದೇ ಮೊದಲು.

ಮೊಳೆ ಸುತ್ತಲೂ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ನೋಡು ತಾಯಿ."

ತಗಡಿನ ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಸಿ ತಟ್ಟುತ್ತಾರೆ. ಸುತ್ತಲೂ ಮಡಿಕೆ ಕೂದಲು ಹೋಗದಷ್ಟು ಬಿಗಿಯಾಗಿತ್ತು. ಒಂದು ಕಡೆ ಮಾತ್ರ, ಒಂದು ಗೇಣುದ್ದಕ್ಕೆ, ಮಡಿಸಿದ್ದರು, ತಟ್ಟಿರಲಿಲ್ಲ. ತುಟಿ ತೆರೆದ ಹಾಗೆ ಸೀಳು. ಅದರ ಪಕ್ಕದಲ್ಲಿ ಸುತ್ತಿಗೆಯ ಗುರುತುಗಳು ಅಲ್ಲಲ್ಲಿ ಜಾರಿಹೋಗಿದ್ದವು.

"ಇದು ಅವನ ಕೈಯಲ್ಲ" ಎಂದ ಮೊಳೆ. ಆಮೇಲೆ ಬಗ್ಗಿ ಮತ್ತೆ ನೋಡಿದ. "ಅವನದೇ. ಎಡಗೈ ಒಳಗಿನಿಂದ ಹಿಡೀಬೇಕು, ಆಗ ಹೊರಗಿಂದ ಹೊಡೆದದ್ದು ಕೂರುತ್ತೆ. ಎಡಗೈ ಹಿಡಿದಿಲ್ಲ. ಹೊಡೆದಿದ್ದಾನೆ, ಜಾರಿದೆ. ಹೊಡೆದಿದ್ದಾನೆ, ಜಾರಿದೆ. ಬಿಟ್ಟು ಇಳಿದಿದ್ದಾನೆ."

"ನಿನಗೆ ಹೇಳಿದ್ರಾ?"

"ಹೇಳಿದ್ದಿದ್ರೆ ಅವತ್ತೇ ಬಂದು ಹಿಡೀತಿರಲಿಲ್ವಾ? ಗಾಳಿ ಬರಲಿ, ನೋಡೋಣ ಅಂದ. ಅಷ್ಟೇ."

ಸಾವು ಅಂಗಡಿಯ ಮೇಜಿನಲ್ಲಿ ಬಂತು ಎಂದುಕೊಂಡಿದ್ದೆ. ಅದು ಮೊದಲು ಇಲ್ಲಿಗೇ ಬಂದಿತ್ತು. ಇಲ್ಲಿ ಅವರ ಎಡಗೈಯನ್ನು ಹಿಡಿದು, ಒಂದು ಗೇಣಿನಷ್ಟು ತನ್ನ ಗುರುತು ಬಿಟ್ಟು ಹೋಗಿತ್ತು. ನಾನು ಆ ಸೀಳಿಗೆ ಬೆರಳಿಟ್ಟೆ. ಒಳಗಿನ ಗಾಳಿ ಬೆಚ್ಚಗಿರುತ್ತದೆ ಎಂದು ಯಾಕೆ ಅನ್ನಿಸಿತೋ. ತಣ್ಣಗಿತ್ತು.

ಮೊಳೆ ಚೀಲ ಬಿಚ್ಚಿದ. ಕಬ್ಬಿಣದ ಗಟ್ಟಿಯನ್ನು ನನ್ನ ಕೈಗೆ ಕೊಟ್ಟ. "ಒಳಗಿನಿಂದ ಒತ್ತಿ ಹಿಡಿ. ಕೈ ಬಿಡಬೇಡ." ಹಿಡಿ ಮೊಳೆ ಬಾಯಿಗೆ ಹಾಕಿಕೊಂಡ.

ನಾನು ಟೋಪಿಯ ಕೆಳಗಿನಿಂದ ಕೈ ತೂರಿಸಿ ಹಿಡಿದೆ. ಅವನು ತಟ್ಟತೊಡಗಿದ. ಒಂದೊಂದು ಏಟೂ ಅಂಗೈಗೆ ಬಂದು, ಮೊಣಕೈ ಹತ್ತಿ, ಹಲ್ಲಿಗೆ ಮುಟ್ಟುತ್ತಿತ್ತು. ಸೀಳು ಒಂದು ತುದಿಯಿಂದ ಮುಚ್ಚುತ್ತಾ ಬಂತು. ಅರ್ಧ ಮುಚ್ಚಿತು. ಮುಚ್ಚಿದ ಕಡೆ ಗೆರೆಯೂ ಕಾಣುತ್ತಿರಲಿಲ್ಲ, ಅಲ್ಲಿ ಏನೂ ಆಗಿರಲೇ ಇಲ್ಲವೇನೋ ಎನ್ನುವ ಹಾಗೆ.

"ಸಾಕು" ಎಂದೆ.

ಮೊಳೆ ಸುತ್ತಿಗೆ ಎತ್ತಿದವನು ನಿಂತ. "ಉಂ?"

"ಇಷ್ಟು ಸಾಕು. ಉಳಿದದ್ದು ಬಿಡು. ಸೀಳು ಸಣ್ಣದಾದ್ರೆ ಸದ್ದೂ ಸಣ್ಣದಾಗುತ್ತೆ. ಗೋಡೆ ಒಳಗೆ ಇಳಿಯಲ್ಲ, ಗಿರಣಿಗೂ ಕೇಳಲ್ಲ. ಕೆಳಗೆ ಬಂದು ನಿಂತವರಿಗೆ ಮಾತ್ರ ಕೇಳುತ್ತೆ. ಮೆಲ್ಲಗೆ ಹೂಂ ಅಂದ್ರೂ ನನಗೆ ಆಗುತ್ತೆ."

ಮೊಳೆ ಜೋರಾಗಿ ತಲೆ ಆಡಿಸಿ ಏನೇನೋ ಹೇಳಿದ. "ಉಂಉಂ ಉಂ ಉಂಉಂಉಂ." ಕೈಯನ್ನು ಗಂಟಲ ಹತ್ತಿರ ತಂದು ಮೇಲಕ್ಕೆ ಎತ್ತಿ ತೋರಿಸಿದ.

ನನಗೆ ಸಿಟ್ಟು ಬಂತು. ಅರ್ಧ ಕೆಲಸ ಬಿಟ್ಟರೆ ತನ್ನ ಹೆಸರು ಹೋಗುತ್ತದೆ, ಕುತ್ತಿಗೆಗೆ ಬರುತ್ತದೆ ಎನ್ನುತ್ತಿದ್ದಾನೆ ಎಂದುಕೊಂಡೆ.

"ನಿನ್ನ ಹೆಸರು ಯಾರು ಕೇಳ್ತಾರೆ, ನಿನಗೆ ಇರೋದೇ ಅಡ್ಡಹೆಸರು. ಬಿಡು ಅಂದ್ರೆ ಬಿಡು. ಮುಚ್ಚಿದ ಕೊನೆಗೆ ಒಂದು ಮೊಳೆ ಹೊಡೆದು ಇಳಿ."

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಮೊಳೆಗಳನ್ನು ಅಂಗೈಗೆ ಉಗುಳಲು ಬಗ್ಗಿದ ಹಾಗಿತ್ತು. ಉಗುಳಲಿಲ್ಲ. ನನ್ನ ಕಣ್ಣಲ್ಲಿ ಏನಿತ್ತೋ. ಮುಚ್ಚಿದ ಭಾಗ ಮತ್ತೆ ಬಿಚ್ಚಿಕೊಳ್ಳದ ಹಾಗೆ ಮೊಳೆ ಹೊಡೆದ. ಇಳಿದು ಬಂದೆವು. ಕೆಳಗೆ ಕಾವಲುಗಾರನಿಗೆ, "ಸರಿ ಆಯ್ತು, ನಿಮ್ಮ ಯಜಮಾನ್ರಿಗೆ ಬರೋದು ಬೇಡ ಅನ್ನು" ಎಂದೆ.

ಎರಡು ದಿನ ಗಾಳಿ ಇರಲಿಲ್ಲ. ಆಮೇಲೆ ಬಂತು, ಜೋರಾಗಿಯೇ. ಕುಲಾವಿ ಹಾಕಿಕೊಂಡು ಓಡಿದ ಹಾಗೆ ಹೋದೆ. ಉಸಿರು ಸುಧಾರಿಸಿಕೊಂಡೆ. ಎಲ್ಲಿಂದ ಶುರು ಮಾಡುವುದೆಂದು ಯೋಚಿಸಿಟ್ಟಿದ್ದೆ.

"ಮೇಲೆ ಬಂದಿದ್ದೆ. ನಿಮ್ಮ ಕೆಲಸ ನೋಡಿದೆ" ಎಂದೆ.

ಈಈಈ.

ಶಿಳ್ಳೆ. ಸಣ್ಣಗೆ, ಹಲ್ಲಿನ ಸಂದಿನಿಂದ ಯಾರೋ ಬೇಕಾಬಿಟ್ಟಿ ಊದಿದ ಹಾಗೆ. ಮೆಲ್ಲಗಿತ್ತು, ಅದು ನಿಜ. ಗಿರಣಿಯವರೆಗೆ ಹೋಗುತ್ತಿರಲಿಲ್ಲ. ಆದರೆ ಹೂಂ ಅಲ್ಲ. ಗಾಳಿ ನಿಂತು ಮತ್ತೆ ಬೀಸಲಿ ಎಂದು ಕಾದೆ. ಮತ್ತೆ ಅದೇ. ಜೋರು ಗಾಳಿಗೆ ಇನ್ನೂ ಮೇಲಕ್ಕೆ ಹೋಯಿತು. ಬೆಳಕು ಹೋಗುವ ತನಕ ನಿಂತಿದ್ದೆ. ನನ್ನ ಗಂಡ ಯಾವತ್ತೂ ಶಿಳ್ಳೆ ಹಾಕಿದವರಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋದೆ. ಮೊಳೆ ಬಕೆಟ್ಟಿಗೆ ತಳ ಕೂರಿಸುತ್ತಿದ್ದ. ನನ್ನನ್ನು ನೋಡಿ ಬಾಯಿಯ ಮೊಳೆಗಳನ್ನು ಡಬ್ಬಿಗೆ ಉಗುಳಿದ.

"ಬದಲಾಗಿದೆ" ಎಂದೆ.

"ಹೇಳಿದೆನಲ್ಲ ತಾಯಿ."

"ಏನು ಹೇಳಿದೆ?"

"ಸೀಳು ಸಣ್ಣ ಮಾಡಿದ್ರೆ ಸದ್ದು ಸಣ್ಣ ಆಗಲ್ಲ, ದನಿ ಮೇಲೆ ಹೋಗುತ್ತೆ, ಪೂರ್ತಿ ಬಿಡು ಇಲ್ಲ ಪೂರ್ತಿ ಮುಚ್ಚು ಅಂತ. ಕೈಯಲ್ಲೂ ತೋರಿಸಿದೆ."

"ನೀನು ಉಂಉಂ ಅಂದೆ."

"ಅದೇ ಹೇಳಿದ್ದು."

ಇಬ್ಬರೂ ಸ್ವಲ್ಪ ಹೊತ್ತು ಬಕೆಟ್ಟು ನೋಡಿದೆವು. ಅಷ್ಟು ವರ್ಷ ಒಂದು ಕಿವಿಯವರ ಜೊತೆ ಬಾಳಿ, ಎರಡು ಕಿವಿ ಇಟ್ಟುಕೊಂಡು ನಾನು ಕೇಳಿಸಿಕೊಳ್ಳಲಿಲ್ಲ.

"ಬಿಚ್ಚಿಕೊಡ್ಲಾ? ಮೊದಲಿದ್ದಷ್ಟೇ ಬಿಚ್ಚಬಹುದು. ಮೊಳೆ ಕಿತ್ರೆ ಆಯ್ತು" ಎಂದ.

"ಮೊದಲಿನ ಹಾಗೆ ಆಗುತ್ತಾ?"

ಅವನು ಇವರ ಮೇಜಿನ ಕಡೆ ನೋಡಿದ. ಅದರ ಮೇಲೆ ಗೋಣಿ ಹೊದೆಸಿದ್ದ.

"ಇಲ್ಲ. ಅದು ಅವನು ಬಿಟ್ಟ ಸೀಳು. ನಾನು ಬಿಚ್ಚಿದ್ರೆ ನಂದಾಗುತ್ತೆ."

"ಹಂಗಾದ್ರೆ ಬೇಡ. ನಿನ್ನ ಹೂಂ ಯಾರಿಗೆ ಬೇಕು."

ಅವನು ನಕ್ಕ. ನಾನೂ ನಕ್ಕೆನೋ ಏನೋ. ಆಮೇಲೆ ಅವನು ಮುಖ ಆ ಕಡೆ ಮಾಡಿ ಸುತ್ತಿಗೆ ತೆಗೆದುಕೊಂಡ. ನಾನು ಮನೆಗೆ ಬಂದೆ.

ಕಾವಲುಗಾರನಿಗೆ ಈಗ ನಿದ್ದೆ ಬರುತ್ತದಂತೆ. ಯಜಮಾನ ಬರಲಿಲ್ಲ, ಟೋಪಿ ಅಲ್ಲಿಯೇ ಇದೆ. ತಗಡಿನವನ ತಗಡು ಅಳುತ್ತದೆ ಎಂದು ಯಾರೂ ಹೇಳುವುದಿಲ್ಲ. ನಾದಿನಿ, "ಅಣ್ಣನ ಮರ್ಯಾದೆ ಉಳೀತು" ಎಂದಳು. ನಾನು ಹೌದು ಎಂದೆ. ನಡೆದದ್ದನ್ನು ಅವಳಿಗೆ ಪೂರ್ತಿ ಹೇಳಿಲ್ಲ. ಅವಳೂ ಈಗ ಒಮ್ಮೊಮ್ಮೆ, ಚಾದರ ಮುಗಿದ ದಿನ, ನನ್ನ ಜೊತೆ ಬರುತ್ತಾಳೆ. ಚಳಿ ಚಳಿ ಎಂದು ಇಡೀ ದಾರಿ ಗೊಣಗುತ್ತಾಳೆ. ನೀರಿಗೂ ನನಗೂ ನಡುವೆ ಇರುವ ಜಾಗದಲ್ಲಿ ಅವಳು ಬಂದು ನಡೆಯುವುದಿಲ್ಲ. ಹೇಳಿಕೊಟ್ಟದ್ದಲ್ಲ. ಸುತ್ತಿ ಬಂದು ನನ್ನ ಬಲಕ್ಕೆ ಸೇರುತ್ತಾಳೆ.

ಚಳಿಗಾಲ ಇನ್ನೂ ಇದೆ. ದಿನವೂ ಹೋಗುತ್ತೇನೆ. ಸಮುದ್ರ ಚೆನ್ನಾಗಿರುತ್ತದೆ. ನಿನ್ನೆ ನೀರು ಹಿಂದೆ ಸರಿದು ಒದ್ದೆ ಮರಳು ಹೊಸ ತಗಡಿನ ಹಾಗೆ ಹೊಳೆಯುತ್ತಿತ್ತು, ಅದರ ಮೇಲೆ ಹಕ್ಕಿಗಳು ಕಾಲು ಎತ್ತಿ ಎತ್ತಿ ಇಡುತ್ತಿದ್ದವು. ನಿಂತು ನೋಡಿದೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ತುದಿಯ ಲಾಡ್ಜಿನ ಕೆಳಗೆ ಬಂದೆ. ಅಲ್ಲಿ ಮಾತಾಡಬಾರದು ಎಂದುಕೊಂಡೇ ಬಂದಿರುತ್ತೇನೆ. ನಾದಿನಿಯ ಮಶೀನಿನ ಬೆಲ್ಟು ಹರಿದ ವಿಷಯ ಬಾಯಿಗೆ ಬಂದುಬಿಟ್ಟಿತು. "ಹೊಸ ಬೆಲ್ಟು ತಂದೆ, ಅದು ಉದ್ದವಾಯ್ತು" ಎಂದು ಅರ್ಧಕ್ಕೆ ನಿಲ್ಲಿಸಿದೆ.

ಮೇಲಿನಿಂದ ಶಿಳ್ಳೆ ಬಂತು. ಅದು ನನ್ನ ಮಾತಿಗೆ ಬಂದದ್ದಲ್ಲ. ಅದು ಮುಗಿಯುವ ತನಕ ಕಾದೆ. ಆಮೇಲೆ, "ಕತ್ತರಿಸಿ ಹೊಲಿದೆವು" ಎಂದು ಉಳಿದದ್ದನ್ನೂ ಹೇಳಿ ಮುಂದೆ ನಡೆದೆ.